ಹೂಂ ಮೇಷ್ಟ್ರ ಪೊರಕೆ ವ್ಯಾಪಾರ

ಲೆಕ್ಕದ ಮೇಷ್ಟ್ರಿಗೆ ಹೆತ್ತವರು ಇಟ್ಟ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಬೀದಿಯಲ್ಲೂ ಸ್ಟಾಫ್ ರೂಮಿನಲ್ಲೂ ಅವರು ಹೂಂ ಮೇಷ್ಟ್ರು. ಮನೆ ಬಾಗಿಲಿಗೆ ಯಾರೇ ಬಂದು ಏನೇ ಮಾರಲಿ, ಅವರ ಬಾಯಿಂದ ಹೂಂ ಬಿಟ್ಟು ಬೇರೆ ಮಾತು ಹೊರಟದ್ದನ್ನು ಕಂಡವರಿಲ್ಲ. ತರಗತಿಯಲ್ಲಿ ಅವರು ಗುಡುಗಿದರೆ ಪಕ್ಕದ ತರಗತಿಯ ಮಕ್ಕಳೂ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ಅದೇ ಮನುಷ್ಯ, ಹೆಗಲಿಗೆ ಚೀಲ ಹಾಕಿದವನೊಬ್ಬ ಗೇಟು ತೆಗೆದ ಸದ್ದು ಕೇಳಿದರೆ ಸಾಕು, ಒಲೆಯ ಪಕ್ಕ ಇಟ್ಟ ಬೆಣ್ಣೆಯಾಗಿಬಿಡುತ್ತಿದ್ದರು.

ಅದರ ಫಲವೆಲ್ಲ ಮನೆಯಲ್ಲಿ ರಾಶಿ ಬಿದ್ದಿತ್ತು. ತೂಕ ನೋಡುವ ಯಂತ್ರ ಎರಡು. ಒಂದರ ಮೇಲೆ ಮೇಷ್ಟ್ರು ದಪ್ಪ, ಇನ್ನೊಂದರ ಮೇಲೆ ಸಣ್ಣ. ಬೆನ್ನುನೋವಿಗೆಂದು ಕಟ್ಟಿಕೊಳ್ಳುವ ಬೆಲ್ಟು ಒಂದು. ಕಟ್ಟಿಕೊಂಡ ಮೇಲೆಯೇ ಬೆನ್ನುನೋವು ಶುರುವಾದದ್ದು. ವಿಶ್ವಜ್ಞಾನದ ಸಂಪುಟಗಳು ಹದಿಮೂರು, ಹದಿನಾಲ್ಕನೆಯದು ಮುಂದಿನ ವಾರ ಬರುತ್ತದೆ ಎಂದು ಹೇಳಿ ಹೋದವನು ಒಂಬತ್ತು ವರ್ಷವಾದರೂ ಬಂದಿರಲಿಲ್ಲ. ನಾಯಿಗೆ ಹಾಕುವ ಶಾಂಪೂ ಮೂರು ಬಾಟಲಿ. ನಾಯಿ ಇರಲಿಲ್ಲ.

ಇಷ್ಟಾದರೂ ಮನೆ ರಣರಂಗವಾಗದೆ ಉಳಿದದ್ದು ಮೇಷ್ಟ್ರ ಹೆಂಡತಿಯ ಒಂದು ನಂಬಿಕೆಯಿಂದ. ಪ್ರತಿ ಸಲವೂ ಅವಳು ಹಣೆ ಚಚ್ಚಿಕೊಳ್ಳುತ್ತಿದ್ದಳು, ಎರಡು ಹೊತ್ತು ಮಾತು ಬಿಡುತ್ತಿದ್ದಳು, ಮೂರನೇ ಹೊತ್ತಿಗೆ ಪಕ್ಕದ ಮನೆಯವಳ ಹತ್ತಿರ, "ಪಾಪ, ನಮ್ಮನೆಯವ್ರಿಗೆ ಮೋಸ ಗೊತ್ತಾಗಲ್ಲ ಕಣ್ರೀ, ಬಂದೋರೆಲ್ಲ ಟೋಪಿ ಹಾಕಿ ಹೋಗ್ತಾರೆ" ಎಂದು ಹೇಳಿ ಕ್ಷಮಿಸಿಬಿಡುತ್ತಿದ್ದಳು. ಮೇಷ್ಟ್ರ ಸಂಸಾರ ಇಪ್ಪತ್ತಾರು ವರ್ಷ ನಡೆದದ್ದು ಆ 'ಪಾಪ'ದ ನೆರಳಿನಲ್ಲಿ.

ಹೀಗಿರುವಾಗ ಶಾಲೆಯ ನೀರಿನ ಟ್ಯಾಂಕು ಬಿರುಕು ಬಿಟ್ಟಿತು. ಮಕ್ಕಳು ಮನೆಯಿಂದ ಬಾಟಲಿ ಹೊತ್ತು ತರಬೇಕಾಯಿತು. ಹೊಸ ಟ್ಯಾಂಕಿಗೆ ಹಣ ಎತ್ತಲು ಸಭೆ ಸೇರಿತು. ಪೋಷಕರ ಸಂಘದ ಅಧ್ಯಕ್ಷರು ಬಟ್ಟೆ ಅಂಗಡಿಯ ಸಾಹುಕಾರರು. ಅವರು ಎದ್ದು ನಿಂತು, ಮಕ್ಕಳ ಕೈಯಲ್ಲಿ ಪೊರಕೆ ಮಾರಿಸೋಣ, ಇದರಿಂದ ಹಣವೂ ಬರುತ್ತದೆ, ಸ್ವಚ್ಛತೆಯ ಪಾಠವೂ ಆಗುತ್ತದೆ ಎಂದರು. ಸಾಹುಕಾರರ ಭಾವಮೈದುನನ ಗೋದಾಮಿನಲ್ಲಿ ಒಂಬೈನೂರು ಪೊರಕೆಗಳು ಎರಡು ವರ್ಷದಿಂದ ಯಾರಿಗೂ ಬೇಡವಾಗಿ ಬಿದ್ದಿದ್ದವು ಎನ್ನುವುದಕ್ಕೂ ಈ ಪಾಠಕ್ಕೂ ಏನೂ ಸಂಬಂಧವಿಲ್ಲ ಎಂದು ಅವರೇ ಎರಡು ಸಲ ಹೇಳಿದರು.

ಮುಂದೆ ನಿಂತು ನಡೆಸುವವರು ಯಾರು ಎಂದಾಗ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಒಟ್ಟಿಗೆ ಕಾಯಿಲೆ ಬಂತು. ವಿಜ್ಞಾನದವರಿಗೆ ಸೊಂಟ, ಭಾಷೆಯವರಿಗೆ ಗಂಟಲು, ಡ್ರಿಲ್ ಮೇಷ್ಟ್ರಿಗೆ ಮಂಡಿ. ಕಾರಣವಿತ್ತು. ಮಾರಾಟವಾಗದೆ ಉಳಿದದ್ದನ್ನು ಜವಾಬ್ದಾರಿ ಹೊತ್ತವರೇ ಕೊಂಡುಕೊಳ್ಳಬೇಕು ಎನ್ನುವುದು ಶಾಲೆಯ ನಿಯಮ. ಹೋದ ವರ್ಷ ಮೇಣದಬತ್ತಿ ಮಾರಿಸಿದ ಸಂಗೀತದ ಟೀಚರ್ ಮನೆಯಲ್ಲಿ ಕರೆಂಟು ಇದ್ದರೂ ಇನ್ನೂ ಮೇಣದಬತ್ತಿಯ ಬೆಳಕಿನಲ್ಲೇ ಊಟ. ಹೆಡ್‌ಮೇಷ್ಟ್ರ ಕಣ್ಣು ಸುತ್ತಾಡಿ ಸುತ್ತಾಡಿ ಮೂಲೆಯ ಕುರ್ಚಿಯ ಮೇಲೆ ನಿಂತಿತು.

"ನೀವು ನೋಡ್ಕೊಳ್ತೀರಲ್ಲ, ಮೇಷ್ಟ್ರೇ?"

ಕುರಿಯನ್ನು ಕೇಳಿ ಯಾರಾದರೂ ಮಸಾಲೆ ಅರೆಯುತ್ತಾರೆಯೇ? ಆದರೂ ಕೇಳಿದರು, ಕುರಿಯೂ ಹೂಂ ಅಂದಿತು.

ಸುದ್ದಿ ಮೇಷ್ಟ್ರಿಗಿಂತ ಮೊದಲೇ ಮನೆ ಮುಟ್ಟಿತ್ತು. ಹೆಂಡತಿ ಈ ಸಲ ಹಣೆ ಚಚ್ಚಿಕೊಳ್ಳಲಿಲ್ಲ. ಮಂಚದ ಕೆಳಗಿದ್ದ ಸೂಟ್‌ಕೇಸನ್ನು ಎಳೆದು, ಧೂಳು ಒರೆಸಿ, ಬಾಗಿಲ ಪಕ್ಕ ನಿಲ್ಲಿಸಿದಳು.

"ನೋಡಿ, ಉಳಿದ ಪೊರಕೆ ಎಲ್ಲಿಗೆ ಬರುತ್ತೆ ಅಂತ ನಂಗೊತ್ತು. ಒಂದೇ ಒಂದು ಪೊರಕೆ ಈ ಹೊಸ್ತಿಲು ದಾಟಿದ್ರೂ ನಾನು ಅಕ್ಕನ ಮನೆಗೆ ಹೋಗ್ತೀನಿ. ಸುಮ್ನೆ ಹೆದರಿಸ್ತಿದ್ದೀನಿ ಅಂದ್ಕೋಬೇಡಿ. ಆಮೇಲೆ ನೀವು, ನಿಮ್ಮ ಪೊರಕೆ."

ಅವಳು ಹೋಗುವವಳೇ ಎಂದು ಮೇಷ್ಟ್ರಿಗೆ ಖಾತ್ರಿಯಾಯಿತು. ಅವಳಿಲ್ಲದ ಮನೆಯನ್ನು ನೆನೆಸಿಕೊಂಡು ನಿಜವಾಗಿ ಹೆದರಿದರು. ಆ ಮನೆಯಲ್ಲಿ ಅವರು ತಾವಾಗಿ ಬಯಸಿ ಇಟ್ಟುಕೊಂಡದ್ದು ಅವಳೊಬ್ಬಳನ್ನೇ.

ಮೊದಲ ಮೂರು ದಿನದಲ್ಲಿ ಒಂಬೈನೂರರಲ್ಲಿ ಹೋದದ್ದು ಹನ್ನೊಂದು. ಮಕ್ಕಳು ಬಾಗಿಲು ತಟ್ಟಿ, "ಶಾಲೆಗೆ ಸಹಾಯ ಮಾಡಿ" ಎಂದು ಒಕ್ಕೊರಲಿನಲ್ಲಿ ಕೂಗುತ್ತಿದ್ದರು; ಮನೆಯವರು, "ನಮ್ಮನೇಲಿ ಪೊರಕೆ ಇದೆ" ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಬ್ಬ ತಾಯಿಯಂತೂ ಮಗನ ಕೈಯಿಂದ ಪೊರಕೆ ಕಿತ್ತುಕೊಂಡು ಮಾರಲು ಕಳಿಸಿದವರಿಗೇ ಅದರ ರುಚಿ ತೋರಿಸುತ್ತೇನೆಂದು ಶಾಲೆಯ ಗೇಟಿನವರೆಗೂ ಬಂದಿದ್ದಳು. ಪೊರಕೆಗಳ ಬೆಟ್ಟದ ಮುಂದೆ ಕೂತು ಮೇಷ್ಟ್ರು ತಲೆ ಮೇಲೆ ಕೈ ಹೊತ್ತರು. ನಾಲ್ಕನೇ ದಿನ ಏಳನೇ ತರಗತಿಗೆ ಹೋಗಿ ಬಾಗಿಲು ಹಾಕಿಸಿದರು.

"ಪುಸ್ತಕ ಮುಚ್ಚಿ. ಇವತ್ತು ಬೇರೆ ಪಾಠ. ಬಾಗಿಲು ತೆಗೆದ ತಕ್ಷಣ ಪೊರಕೆ ತೋರಿಸ್ಬಾರ್ದು. ಮೊದಲು ಕುಡಿಯೋಕೆ ನೀರು ಕೇಳಿ. ನೀರು ಕೊಟ್ಟ ಮೇಲೆ ಬರಿಗೈಲಿ ಕಳಿಸೋದು ಬಲು ಕಷ್ಟ."

ಮುಂದಿನ ಬೆಂಚಿನ ಎರಡು ಜಡೆಯ ಹುಡುಗಿ ಎದ್ದು ನಿಂತಳು. "ಆದ್ರೂ ಬೇಡ ಅಂದ್ರೆ, ಸಾರ್?"

"ಅನ್ನಲಿ. ಆಯ್ತಮ್ಮ ಅನ್ನು. ಆದ್ರೆ ಹೊರಡ್ಬೇಡ. ಅಲ್ಲೇ ಬಗ್ಗಿ ಬೂಟಿನ ಲೇಸು ಕಟ್ಟು, ನಿಧಾನವಾಗಿ. ಬಗ್ಗಿ ಕೂತ ಮಗುವಿನ ಮೇಲೆ ಯಾರೂ ಬಾಗಿಲು ಹಾಕಲ್ಲ. ನೀನು ಎರಡನೇ ಕಾಲಿಗೆ ಬರೋ ಹೊತ್ತಿಗೆ ಅವರೇ ಕೇಳ್ತಾರೆ, ಎಷ್ಟಮ್ಮ ಅದಕ್ಕೆ, ಅಂತ."

"ನನ್ನ ಬೂಟಿಗೆ ಲೇಸೇ ಇಲ್ಲ, ಸಾರ್."

"ಹಾಗಾದ್ರೆ ಕಾಲಿಗೆ ಕಲ್ಲು ಚುಚ್ಚಿದೆ ಅಂತ ನೋಡ್ಕೋ."

ಮೇಷ್ಟ್ರಿಗೆ ಮಾತು ಹತ್ತಿಬಿಟ್ಟಿತು. ಇಬ್ಬಿಬ್ಬರಾಗಿ ಹೋಗಬೇಕು, ಒಬ್ಬರು ಮಾತಾಡಬೇಕು, ಇನ್ನೊಬ್ಬರು ಸುಮ್ಮನೆ ನೋಡುತ್ತಿರಬೇಕು. ಮಾರುವುದು ಮಾತಾಡಿದವನಲ್ಲ, ನೋಡಿದವನು. ಬಾಗಿಲಿಗಿಂತ ಒಂದು ಮೆಟ್ಟಿಲು ಕೆಳಗೆ ನಿಲ್ಲಬೇಕು. ಪಕ್ಕದ ಮನೆಯವರು ಎರಡು ತೆಗೆದುಕೊಂಡರು ಎಂದು ಸುಳ್ಳು ಹೇಳಬಾರದು, ಮೊದಲು ಪಕ್ಕದ ಮನೆಗೆ ಎರಡು ಮಾರಿಯೇ ಹೇಳಬೇಕು. ಕೊಳ್ಳುವವರ ಕೈಗೆ ಕೊಟ್ಟು, ಹಿಡಿದು ನೋಡಿ ಎನ್ನಬೇಕು. ಒಮ್ಮೆ ಹಿಡಿದದ್ದನ್ನು ವಾಪಸ್ಸು ಕೊಡುವುದು ಮನುಷ್ಯನಿಗೆ ಆಗದ ಕೆಲಸ. ಮಕ್ಕಳು ಬಾಯಿ ತೆರೆದು ಕೇಳಿದರು. ಪೈಥಾಗರಸನಿಗೂ ಆ ತರಗತಿಯಲ್ಲಿ ಅಷ್ಟು ಮರ್ಯಾದೆ ಸಿಕ್ಕಿರಲಿಲ್ಲ. ಊರಿನ ಸೇಲ್ಸ್‌ಮನ್ನುಗಳೆಲ್ಲ ಮಾರುವವರ ಕಡೆಯಿಂದ ಕಲಿತ ವಿದ್ಯೆಯನ್ನು ಮೇಷ್ಟ್ರು ಸೋತವರ ಕಡೆಯಿಂದ ಕಲಿತಿದ್ದರು. ಸೋತು ಕಲಿತದ್ದು ಮರೆಯುವುದಿಲ್ಲ.

ಆಮೇಲೆ ನಡೆದದ್ದನ್ನು ಆ ಬೀದಿಗಳು ಈಗಲೂ ಹೇಳುತ್ತವೆ. ಶಾಲೆಯಲ್ಲಿ ಸಿಗದ ನೀರನ್ನು ಮಕ್ಕಳು ಊರೆಲ್ಲ ಕುಡಿದರು. ಔಷಧಿ ಅಂಗಡಿಯವನು ಎರಡು ಕೊಂಡ, ಅವನ ಮೇಲಿನ ಹೊಟ್ಟೆಕಿಚ್ಚಿಗೆ ಎದುರಿನ ಚಪ್ಪಲಿ ಅಂಗಡಿಯವನು ಮೂರು ಕೊಂಡ. ಹೆಡ್‌ಮೇಷ್ಟ್ರು ತಾವು ಯಾವ ಶಾಲೆಯವರೆಂಬುದನ್ನೇ ಮರೆತು ತಮ್ಮ ಮನೆ ಬಾಗಿಲಲ್ಲಿ ನಾಲ್ಕು ಕೊಂಡರು. ಸಾಹುಕಾರರ ಹೆಂಡತಿ ಆರು ಕೊಂಡಳು, ಸ್ವಂತ ತಮ್ಮನ ಗೋದಾಮಿನದೇ ಎಂದು ಗೊತ್ತಾಗುವ ಮೊದಲು. ಎರಡು ವಾರದೊಳಗೆ ಮನೆಮನೆಯಲ್ಲೂ ಮೂಲೆಗೊಂದು ಪೊರಕೆ ನಿಂತು, ಗುಡಿಸಲು ಕಸ ಸಾಲದೆ ಹೋಯಿತು. ಕೊನೆಯ ಪೊರಕೆ ಹೋದ ದಿನ ಮೇಷ್ಟ್ರು ಬರಿಗೈ ಬೀಸಿಕೊಂಡು ಮನೆಗೆ ಬಂದರು. ಹೆಂಡತಿ ಅವರ ಎರಡೂ ಕೈ ನೋಡಿದಳು, ಬೆನ್ನ ಹಿಂದೆಯೂ ಇಣುಕಿದಳು, ನಂತರ ಸೂಟ್‌ಕೇಸನ್ನು ಮಂಚದ ಕೆಳಗೆ ತಳ್ಳಿದಳು.

ಟ್ಯಾಂಕು ಬಂತು. ಅದರ ಉದ್ಘಾಟನೆಗೆ ಒಂದು ಮಧ್ಯಾಹ್ನ ಸಭೆಯಾಯಿತು. ಸಾಹುಕಾರರು ಮುಕ್ಕಾಲು ಗಂಟೆ ಮಾತಾಡಿ, ಪೊರಕೆಯ ಯೋಚನೆ ತಮಗೆ ಹೊಳೆದದ್ದು ಹೇಗೆ ಎಂದು ವಿವರಿಸಿದರು. ಹೆಡ್‌ಮೇಷ್ಟ್ರು ಸಾಹುಕಾರರನ್ನು ಹೊಗಳಿದರು, ಸಾಹುಕಾರರು ಹೆಡ್‌ಮೇಷ್ಟ್ರನ್ನು ಹೊಗಳಿದರು. ಮೇಷ್ಟ್ರ ಹೆಸರು ಬರಲೇ ಇಲ್ಲ. ಅವರಿಗೆ ಅದರಿಂದ ಬೇಸರವೂ ಆಗಲಿಲ್ಲ. ಹೆಂಡತಿ ಮುಂದಿನ ಸಾಲಿನಲ್ಲಿ ಹೆಮ್ಮೆಯಿಂದ ಕೂತಿದ್ದಳಲ್ಲ, ಅಷ್ಟು ಸಾಕಾಗಿತ್ತು.

ಕೊನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮಾರಿದ ಮಗುವನ್ನು ವೇದಿಕೆಗೆ ಕರೆದರು. ಎರಡು ಜಡೆಯ ಹುಡುಗಿ ಮೈಕು ಹಿಡಿದು, ಪಾಠ ಒಪ್ಪಿಸುವ ಹಾಗೆ ಶುರು ಮಾಡಿದಳು.

"ಇದೆಲ್ಲ ನಮ್ಮ ಲೆಕ್ಕದ ಸಾರ್ ಹೇಳಿಕೊಟ್ಟಿದ್ದು. ಮೊದಲು ನೀರು ಕೇಳ್ಬೇಕು. ಸಾರ್ ಮನೇಲಿ ಹಾಗೆ ನೀರು ಕುಡಿದೋನು ತೂಕದ ಯಂತ್ರ ಮಾರಿದ್ನಂತೆ. ಆಮೇಲೆ ಲೇಸು ಕಟ್ಟೋದು. ಅದು ಬೆಲ್ಟಿನೋನು ಮಾಡಿದ್ದು. ಕೈಗೆ ಕೊಟ್ಟು ಹಿಡಿಸೋದು ನಾಯಿ ಶಾಂಪೂನೋನು. ನಾವು ಕೇಳಿದ್ವಿ, ಸಾರ್ ನಿಮಗೆ ಆಗ ಮೋಸ ಅಂತ ಗೊತ್ತಾಗ್ಲಿಲ್ವಾ ಅಂತ. ಸಾರ್ ಹೇಳಿದ್ರು, ಗೇಟು ತೆಗೆಯೋವಾಗ್ಲೇ ಗೊತ್ತಾಗುತ್ತೆ ಅಂತ."

ಸಭೆ ಚಪ್ಪಾಳೆ ಹೊಡೆಯಿತು. ಮುಂದಿನ ಸಾಲಿನಲ್ಲಿ ಒಂದು ಜೊತೆ ಕೈ ಮಾತ್ರ ಅಲುಗಾಡಲಿಲ್ಲ.

ಮನೆಗೆ ಬಂದ ಹೆಂಡತಿ ಅಡುಗೆಮನೆಗೂ ಹೋಗದೆ ಕುರ್ಚಿ ಎಳೆದುಕೊಂಡು ಎದುರು ಕೂತಳು.

"ತೂಕದ ಯಂತ್ರ. ಗೊತ್ತಿತ್ತಾ?"

"ಗೊತ್ತಿತ್ತು."

"ಆ ಪುಸ್ತಕ?"

"ಹದಿನಾಲ್ಕನೇದು ಬರಲ್ಲ ಅಂತ ಅವತ್ತೇ ಗೊತ್ತಿತ್ತು."

"ನಾಯಿ ಶಾಂಪೂ? ನಮ್ಮನೇಲಿ ನಾಯಿ ಇಲ್ಲ ಅನ್ನೋದಾದ್ರೂ ಗೊತ್ತಿತ್ತಾ?" ಅವಳ ದನಿ ಏರಿತು. "ಇಪ್ಪತ್ತಾರು ವರ್ಷ ಊರೋರ ಮುಂದೆಲ್ಲ ಪಾಪ, ಪಾಪ ಅಂತ ಹೇಳ್ಕೊಂಡು ಬಂದೆನಲ್ರೀ! ಮೋಸ ಹೋಗಿರೋದು ನೀವಲ್ಲ, ನಾನು. ಗೊತ್ತಿದ್ದೂ ಯಾಕೆ ತಗೊಂಡ್ರಿ?"

"ಬೇಡ ಅಂದಾಗ ಅವರ ಮುಖ ಹೇಗಾಗುತ್ತೆ ಅಂತ ನೀನು ನೋಡಿಲ್ಲ. ನೀನು ಒಳಗಿಂದ ಕೂಗಿ ಹೇಳ್ತೀಯ. ಬಾಗಿಲಲ್ಲಿ ನಿಂತಿರೋನು ನಾನು."

ಇದು ನೆಪವಲ್ಲ ಎಂದು ಅವಳಿಗೆ ತಿಳಿಯಿತು. ತಿಳಿದದ್ದೇ ಇನ್ನೊಂದು ಯೋಚನೆ ಬಂತು, ಆ ಯೋಚನೆಗೆ ಅವಳ ಸಿಟ್ಟೆಲ್ಲ ಇಳಿದು ಮುಖ ಸಣ್ಣದಾಯಿತು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೇಳಿದಳು:

"ಒಂದು ನಿಜ ಹೇಳ್ಬೇಕು. ನಮ್ಮಪ್ಪ ನಿಮ್ಮ ಹತ್ರ ಮದುವೆ ಮಾತು ಎತ್ತಿದಾಗ್ಲೂ ಹೀಗೇನಾ? ಅವರ ಮುಖ ನೋಡಿ, ಬೇಡ ಅನ್ನೋಕಾಗ್ದೆ ನನ್ನನ್ನ ಒಪ್ಕೊಂಡ್ರಾ?"

"ಇಲ್ಲ."

ಅಷ್ಟು ಬೇಗ, ಅಷ್ಟು ಗಟ್ಟಿಯಾಗಿ ಆ ಮಾತು ಮೇಷ್ಟ್ರ ಬಾಯಿಂದ ಬಂದದ್ದನ್ನು ಅವಳು ಕೇಳಿಯೇ ಇರಲಿಲ್ಲ.

"ನಿಮ್ಮಪ್ಪ ಎಲ್ಲಿ ಮಾತು ಎತ್ತಿದ್ರು? ಅವರ ಮನೆ ಬಾಗಿಲಿಗೆ ನಾನೇ ಹೋಗಿದ್ದು. ಒಂದಲ್ಲ, ಮೂರು ಸಲ. ಜೀವಮಾನದಲ್ಲಿ ನಾನಾಗಿ ಹೋಗಿ ಬೇಕು ಅಂತ ಕೇಳಿದ್ದು ಅದೊಂದೇ. ಬೇಡ ಅನ್ನೋಕಾಗ್ದೆ ಹೂಂ ಅಂದಿದ್ದು ನಿಮ್ಮಪ್ಪ."

"ಸುಳ್ಳು! ಹುಡುಗನ್ನ ನಾನೇ ಹುಡುಕಿ ಆರಿಸಿದ್ದು ಅಂತ ಅಪ್ಪ ಸಾಯೋವರೆಗೂ ಹೇಳ್ತಿದ್ರು."

"ಕೊಂಡ್ಕೊಂಡೋರೆಲ್ಲ ಹಾಗೇ ಹೇಳೋದು ಕಣೇ."

ಹೆಂಡತಿ ತಡೆಯಲಾರದೆ ನಕ್ಕಳು. ತನ್ನನ್ನು ಬೇಕು ಎಂದು ಒಬ್ಬರು ಮೂರು ಸಲ ಬಂದು ಕೇಳಿದ್ದರು ಎಂಬ ಸಂತೋಷದ ಸುದ್ದಿ ಅವಳಿಗೆ ಇಪ್ಪತ್ತಾರು ವರ್ಷ ತಡವಾಗಿ ತಲುಪಿತ್ತು, ಅದೂ ಜಗಳದ ನಡುವೆ.

"ಮೂರು ಸಲಾನಾ?" ಎಂದು ಕಣ್ಣೊರೆಸಿಕೊಂಡಳು. "ಮೊದಲನೇ ಸಲ ಏನಂದ್ರಿ, ಅದರಿಂದ ಶುರು ಮಾಡಿ. ಒಂದೂ ಬಿಡ್ಬಾರ್ದು."