ಎರಡನೇ ಸಲ ಓದಿದ ಪ್ರಕಟಣೆ

ಊರಿನ ದೊಡ್ಡ ಕ್ರೀಡಾಂಗಣದಲ್ಲಿ ಪ್ರಕಟಣೆ ಓದುವವನಿಗೆ ಮೈಕಣ್ಣ ಎಂದೇ ಹೆಸರು ಬಿದ್ದಿತ್ತು. ಅದಕ್ಕೂ ಮೊದಲು ಹನ್ನೊಂದು ವರ್ಷ ಬಸ್ ನಿಲ್ದಾಣದಲ್ಲಿ ಇದೇ ಕೆಲಸ ಮಾಡಿದ್ದ. ಯಾವ ಬಸ್ಸು ಎಲ್ಲಿ ನಿಂತಿದೆ, ಯಾರ ಚೀಲ ಕಳೆದಿದೆ, ಯಾರ ಮಗು ಸಿಕ್ಕಿದೆ ಎಂದು ಹೇಳಿ ಹೇಳಿ ಅವನ ದನಿಗೆ ಒಂದು ಹದ ಬಂದಿತ್ತು. ಅವಸರವಿಲ್ಲ, ಅಬ್ಬರವಿಲ್ಲ, ಕೇಳಿದವರು ನಂಬಬೇಕು, ಹಾಗೆ. ಮನೆಯಲ್ಲಿ ಮಾತ್ರ ಬಾಯಿ ಬಿಟ್ಟರೆ ಮುತ್ತು ಉದುರೀತು ಎಂಬ ಹಾಗಿರುತ್ತಿದ್ದ. ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುವ ಅವನ ಹೆಂಡತಿ, "ಊರಿಗೆಲ್ಲ ಕೂಗಿ ಹೇಳ್ತಾರೆ, ಸಾರಿಗೆ ಉಪ್ಪು ಕಮ್ಮಿ ಅಂತ ಹೇಳೋಕೆ ಮಾತ್ರ ಗಂಟಲು ಕಟ್ಟುತ್ತೆ" ಎಂದು ಅಕ್ಕಪಕ್ಕದವರ ಮುಂದೆ ನಗುತ್ತಿದ್ದಳು.

ಬಸ್ ನಿಲ್ದಾಣದಲ್ಲಿ ಕಲಿತ ಒಂದು ಪಾಠ ಅವನಿಗೆ ಮೈಗೂಡಿತ್ತು. ಯಾವ ಪ್ರಕಟಣೆಯನ್ನೂ ಒಂದೇ ಸಲ ಓದಿ ಬಿಡಬಾರದು. ಮೊದಲ ಸಲಕ್ಕೆ ಜನ ತಲೆ ಎತ್ತುತ್ತಾರೆ, ಎರಡನೇ ಸಲಕ್ಕೆ ಕೇಳಿಸಿಕೊಳ್ಳುತ್ತಾರೆ. ಕ್ರೀಡಾಂಗಣಕ್ಕೆ ಬಂದ ಮೇಲೂ ಅದೇ ರೂಢಿ.

ಆ ಭಾನುವಾರ ಮಧ್ಯಾಹ್ನ ಅಂತಿಮ ಪಂದ್ಯ ಮುಗಿದಾಗ ಊರಿನ ತಂಡವೇ ಗೆದ್ದಿತ್ತು. ಜನ ಮನೆಗೆ ಹೊರಡದೆ ಕುರ್ಚಿಗಳ ಮೇಲೆ ಹತ್ತಿ ಕುಣಿಯುತ್ತಿದ್ದರು. ಮೈಕಣ್ಣನ ಗಾಜಿನ ಕೋಣೆಗೆ ಆಫೀಸಿನ ಜವಾನ ಏದುಸಿರು ಬಿಡುತ್ತ ಬಂದು ಒಂದು ಚೀಟಿ ಕೊಟ್ಟ.

"ಬೇಗ ಓದ್ಬೇಕಂತೆ."

"ಯಾರು ಹೇಳಿದ್ದು?"

"ಆಫೀಸಿಂದ" ಎಂದವನೇ ಜವಾನ ಇಳಿದು ಹೋದ.

ಚೀಟಿಯಲ್ಲಿ ಸಹಿ ಇರಲಿಲ್ಲ. ಆಟಗಾರರು ಹಿಂದಿನ ಅಂಗಳದಲ್ಲಿ ಅಭಿಮಾನಿಗಳನ್ನು ಭೇಟಿಯಾಗುತ್ತಾರೆ, ಬರಬಯಸುವವರು ನಾಲ್ಕನೇ ಬಾಗಿಲಿನಿಂದ ಬರಬಹುದು ಎಂದಷ್ಟೇ ಬರೆದಿತ್ತು. ಮೈಕಣ್ಣ ಓದಿದ. ಎದುರಿನ ಗ್ಯಾಲರಿಯೇ ಎದ್ದು ನಿಂತಿತು. ನಾಲ್ಕನೇ ಬಾಗಿಲಿಗೆ ಇಳಿಯುವ ಮೆಟ್ಟಿಲು ಅವನ ಕೋಣೆಯಿಂದ ನೇರವಾಗಿ ಕಾಣುತ್ತಿತ್ತು. ಅಲ್ಲಿ ಮೊದಲೇ ಸೇರಿದ್ದ ಜನ ಮುಂದಕ್ಕೆ ಸರಿಯುತ್ತಿರಲಿಲ್ಲ, ಹಿಂದಿನಿಂದ ಬಂದವರು ಅವರ ಬೆನ್ನಿಗೆ ಅಂಟಿಕೊಳ್ಳುತ್ತಿದ್ದರು. ಹಳದಿ ಅಂಗಿಯ ಒಬ್ಬ ಹೆಂಗಸು ತಿರುಗಿ, ಎರಡೂ ಕೈ ಎತ್ತಿ, ಬರಬೇಡಿ ಎನ್ನುವಂತೆ ಆಡಿಸಿದಳು. ಮೈಕಣ್ಣ ಅದನ್ನು ನೋಡಿದ. ಒಂದು ಗುಟುಕು ನೀರು ಕುಡಿದ. ಎರಡನೇ ಸಲ ಓದಿದ.

ಕೆಳಗೆ ಬಾಗಿಲಿನ ಎರಡು ಕದಗಳಲ್ಲಿ ಒಂದಕ್ಕೆ ಬೀಗ ಬಿದ್ದಿತ್ತು. ಆ ಮೆಟ್ಟಿಲ ಮೇಲೆ ಇಪ್ಪತ್ತಮೂರು ಜನ ಸತ್ತರು.

ತಿಂಗಳೊಪ್ಪತ್ತಿನಲ್ಲಿ ವಿಚಾರಣೆ ಶುರುವಾಯಿತು. ಪುರಸಭೆ ಕಟ್ಟಡದ ಮೇಲಿನ ಮಹಡಿಯಲ್ಲಿ ನಿವೃತ್ತ ನ್ಯಾಯಾಧೀಶರೊಬ್ಬರು ಕೂತು ಒಬ್ಬೊಬ್ಬರನ್ನೇ ಕರೆದು ಕೇಳತೊಡಗಿದರು. ಅಂಥ ಚೀಟಿ ತಾನು ಕಳಿಸಿಯೇ ಇಲ್ಲ ಎಂದರು ಕ್ರೀಡಾಂಗಣದ ಕಾರ್ಯದರ್ಶಿ. ಮೇಜಿನ ಮೇಲಿದ್ದುದನ್ನು ತಂದುಕೊಟ್ಟೆ, ಯಾರು ಬರೆದರೋ ಗೊತ್ತಿಲ್ಲ ಎಂದ ಜವಾನ. ಬೀಗ ಹಾಕುವುದು ಕಾವಲುಗಾರರ ಕೆಲಸ ಎಂದ ಇಂಜಿನಿಯರ್. ಬೀಗದ ಕೈ ಇರುವುದು ಆಫೀಸಿನಲ್ಲಿ ಎಂದರು ಕಾವಲಿನವರು. ಇಷ್ಟು ಜನ ಬರುತ್ತಾರೆಂದು ತಮಗೆ ತಿಳಿಸಿರಲಿಲ್ಲ ಎಂದರು ಪೊಲೀಸರು. ಕೊನೆಗೆ ಎಲ್ಲರೂ ಮುಖ ಸಣ್ಣದು ಮಾಡಿಕೊಂಡು, ಇದರಲ್ಲಿ ನಮ್ಮೆಲ್ಲರ ಪಾಲೂ ಇದೆ ಎನ್ನುತ್ತಿದ್ದರು. ಹಾಗೆಂದ ಮೇಲೆ ಅವರ ನಡಿಗೆ ಹಗುರವಾಗುವುದು ಸರದಿಗಾಗಿ ಕಾಯುತ್ತಿದ್ದ ಮೈಕಣ್ಣನ ಕಣ್ಣಿಗೆ ಬಿತ್ತು. ಹತ್ತು ಹೆಗಲಿಗೆ ಹಂಚಿದ ಭಾರ ಯಾರ ಹೆಗಲನ್ನೂ ನೋಯಿಸುತ್ತಿರಲಿಲ್ಲ.

ನೌಕರರ ಸಂಘದ ವಕೀಲರು ಅವನಿಗೂ ದಾರಿ ತೋರಿಸಿದರು.

"ಬೀಸೋ ದೊಣ್ಣೆ ತಪ್ಪಿಸ್ಕೊಂಡ್ರೆ ಸಾವಿರ ವರ್ಷ ಆಯಸ್ಸು ಕಣಯ್ಯಾ. ಕೊಟ್ಟ ಚೀಟಿ ಓದಿದೆ, ಅಷ್ಟೇ ಹೇಳು. ಕಾಗದದಲ್ಲಿ ಏನಿದೆ ಅಂತ ಅಂಚೆಯವನನ್ನ ಯಾರಾದ್ರೂ ಹಿಡ್ಕೊಳ್ತಾರಾ?"

ಮೈಕಣ್ಣನಿಗೆ ಸಮಾಧಾನವಾಯಿತು. ಅದು ಸುಳ್ಳೂ ಆಗಿರಲಿಲ್ಲವಲ್ಲ.

ಅವನ ಸರದಿಯ ಹಿಂದಿನ ದಿನ, ಹಾಜರಾತಿಯ ನೋಟೀಸಿಗೆ ಸಹಿ ಮಾಡಲು ಪುರಸಭೆಗೆ ಹೋದಾಗ, ಮೊಗಸಾಲೆಯ ಬೆಂಚಿನಿಂದ ಒಬ್ಬ ಹೆಂಗಸು ಎದ್ದು ಬಂದಳು. ಇಸ್ತ್ರಿ ಅಂಗಡಿಯವಳು. ನರ್ಸಿಂಗ್ ಓದುತ್ತಿದ್ದ ಅವಳ ಮಗಳು ಆ ಮೆಟ್ಟಿಲಲ್ಲಿ ಸತ್ತಿದ್ದಳು. ಅಂಗಡಿ ಮುಚ್ಚಿ ದಿನಾ ಬಂದು ಕೂರುತ್ತಿದ್ದಳು.

"ಮೈಕಲ್ಲಿ ಮಾತಾಡಿದ್ದು ನೀವೇ ಅಲ್ವಾ?"

"ಹೌದಮ್ಮಾ."

"ನೀವು ಕೂರೋ ಜಾಗದಿಂದ ಮೆಟ್ಟಿಲು ಕಾಣುತ್ತಾ?"

"ನಂಗೆ ಒಂದು ಚೀಟಿ ಕೊಟ್ಟಿದ್ರು..."

"ಚೀಟಿ ವಿಷಯ ಎಲ್ಲರೂ ಹೇಳಾಯ್ತು. ನಾನು ಕೇಳಿದ್ದು ಮೆಟ್ಟಿಲು ಕಾಣುತ್ತಾ ಅಂತ."

ಅಷ್ಟರಲ್ಲಿ ಗುಮಾಸ್ತ ಅವನನ್ನು ಒಳಗೆ ಕರೆದ. ಮೈಕಣ್ಣ ಸರಸರನೆ ಹೋದ. ವಾಪಸು ಬರುವಾಗ ಹಿಂದಿನ ಮೆಟ್ಟಿಲಿನಿಂದ ಇಳಿದ.

ಮನೆಗೆ ಬಂದಾಗ ಹೆಂಡತಿ ಮಿಷನ್ ತುಳಿಯುತ್ತಿದ್ದಳು. ಅವನು ಪಕ್ಕದ ಸ್ಟೂಲಿನಲ್ಲಿ ಕೂತು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದ. ಮಿಷನ್ ನಿಂತಿತು.

"ನೀವು ಓದ್ದೇ ಇದ್ದಿದ್ರೆ ಅವ್ರು ಉಳೀತಿದ್ರಾ?"

"ಗೊತ್ತಿಲ್ಲ. ಮೊದಲನೇ ಸಲಕ್ಕೇ ಜನ ಎದ್ದಿದ್ರು."

"ಮತ್ಯಾಕೆ ಕೊರಗ್ತೀರಿ?"

"ಮೊದಲನೇದು ಚೀಟಿದು. ಇನ್ನೊಂದ್ಸಲ ಓದು ಅಂತ ಯಾರೂ ಹೇಳಿರ್ಲಿಲ್ಲ. ಮಧ್ಯೆ ನಾನು ನೋಡಿದ್ದೆ. ನಿಲ್ಲಿ ಅಂತ ಹೇಳೋಕೆ ಮೈಕು ಕೈಯಲ್ಲೇ ಇತ್ತು."

ಅವಳು ಬಟ್ಟೆಯ ಅಂಚನ್ನು ಉಗುರಿನಿಂದ ತೀಡಿದಳು.

"ಹೇಳಿದ್ರೆ ಎಲ್ಲಾ ಸೇರಿ ನಿಮ್ಮ ತಲೆಗೇ ಕಟ್ತಾರೆ."

"ಕಟ್ತಾರೆ."

"ಕೆಲಸಾನೂ ಹೋಗುತ್ತೆ."

"ಹೋಗುತ್ತೆ."

"ಹಾಗಾದ್ರೆ ನಾಳೆ ನೀಲಿ ಷರ್ಟು ಹಾಕ್ಕೊಳ್ಳಿ. ಬಿಳೀದ್ರ ಕಾಲರ್ ಹರಿದಿದೆ" ಎಂದು ಮತ್ತೆ ಮಿಷನ್ ತುಳಿಯತೊಡಗಿದಳು.

ಮರುದಿನ ಅವನು ಚೀಟಿಯ ವಿಷಯ ಹೇಳಿ ಮುಗಿಸಿದಾಗ ವಕೀಲರು ತೃಪ್ತಿಯಿಂದ ತಲೆಯಾಡಿಸಿದರು. ಮೈಕಣ್ಣ ನಿಲ್ಲಿಸಲಿಲ್ಲ. ಗಾಜಿನಿಂದ ಏನು ಕಂಡಿತು, ಕೈ ಎತ್ತಿದ ಹೆಂಗಸು, ಕುಡಿದ ನೀರು, ಎರಡನೇ ಓದು, ಎಲ್ಲವನ್ನೂ ಅದೇ ನಿಧಾನದ ದನಿಯಲ್ಲಿ ಹೇಳಿದ. ನ್ಯಾಯಾಧೀಶರು ಕನ್ನಡಕ ತೆಗೆದು, "ಅದು ಅಪಾಯ ಅಂತ ನಿಮಗೆ ಅನ್ನಿಸಿತ್ತಾ?" ಎಂದು ಕೇಳಿದರು.

"ಅನ್ನಿಸಿತ್ತು ಸ್ವಾಮಿ. ಅನ್ನಿಸಿದ್ದು ಬಾಯಿಗೆ ಬರೋದ್ರೊಳಗೆ ರೂಢಿ ಓದಿಬಿಡ್ತು. ಆದ್ರೆ ಆ ರೂಢಿ ನಂದೇ."

ಹೊರಗೆ ಇಸ್ತ್ರಿ ಅಂಗಡಿಯವಳು ಕಾದಿದ್ದಳು. "ಕ್ಷಮಿಸಿದೀನಿ ಅಂತ ಅಂದ್ಕೋಬೇಡಿ. ಆದ್ರೆ ಇನ್ನು ನಿಮ್ಮನ್ನ ಕೇಳೋಕೆ ನಂಗೇನೂ ಇಲ್ಲ" ಎಂದು ಹೇಳಿ ಮತ್ತೆ ಬೆಂಚಿಗೆ ಹೋಗಿ ಕೂತಳು. ಉಳಿದವರ ಸರದಿ ಇನ್ನೂ ಇತ್ತು.

ಹೆಂಡತಿ ಹೇಳಿದ ಹಾಗೇ ಆಯಿತು. ಪತ್ರಿಕೆಗಳು ತಪ್ಪೊಪ್ಪಿಗೆ ಎಂದು ದಪ್ಪ ಅಕ್ಷರದಲ್ಲಿ ಹಾಕಿದವು. ಕಡೆಗೂ ಸತ್ಯ ಹೊರಬಿತ್ತು ಎಂದು ಕಾರ್ಯದರ್ಶಿ ಹೇಳಿಕೆ ಕೊಟ್ಟರು. ವಕೀಲರು ಫೋನ್ ಎತ್ತುವುದನ್ನೇ ಬಿಟ್ಟರು. ಕ್ಷೌರದ ಅಂಗಡಿಗೆ ಮೈಕಣ್ಣ ಕಾಲಿಟ್ಟರೆ ಮಾತು ನಿಂತು ಕತ್ತರಿಯ ಸದ್ದಷ್ಟೇ ಕೇಳುತ್ತಿತ್ತು. ಕೆಲಸದಿಂದ ತೆಗೆದ ಪತ್ರ ಅಂಚೆಯಲ್ಲಿ ಬಂತು.

ಎರಡು ವಾರದ ಮೇಲೆ ಒಂದು ಮಧ್ಯಾಹ್ನ ಜವಾನ ಬಾಗಿಲಲ್ಲಿ ನಿಂತಿದ್ದ. ಕೂರು ಎಂದರೂ ಕೂರಲಿಲ್ಲ.

"ಅಣ್ಣಾ, ಆ ಚೀಟಿ ಬರೆದ ಕೈ ನಂದು. ಕಾರ್ಯದರ್ಶಿ ಸಾಹೇಬ್ರು ನಿಂತ್ಕೊಂಡು ಹೇಳಿದ್ರು, ನಾನು ಬರೆದೆ. ಆಮೇಲೆ ಮರೆತುಬಿಡು ಅಂದ್ರು."

ಮೈಕಣ್ಣ ಎದ್ದು ಬಾಗಿಲ ಬಳಿಗೆ ಬಂದ.

"ಒಂದು ಕದಕ್ಕೆ ಬೀಗ ಇದೆ ಅಂತ ಅವ್ರಿಗೆ ಹೇಳಿದ್ದೆ. ಐದು ನಿಮಿಷದ ಮಾತು, ಕೊಟ್ಟು ಬಾ ಅಂದ್ರು. ನಿಮಗೂ ಹೇಳ್ಬೇಕಿತ್ತು. ಹೇಳ್ಲಿಲ್ಲ."

ಆ ಭಾನುವಾರದ ನಂತರ ಮೊದಲ ಬಾರಿಗೆ ಮೈಕಣ್ಣನಿಗೆ ಸಿಟ್ಟು ನೆತ್ತಿಗೇರಿತು. ಹೇಳಿದ್ದರೆ ನಾನು ಓದುತ್ತಲೇ ಇರಲಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಕಣ್ಣಾರೆ ಕಂಡ ಮೇಲೂ ಓದಿದವನು ತಾನು ಎಂದು ಹೊಳೆದು, ಆ ಮಾತನ್ನು ನುಂಗಿದ.

"ಇದನ್ನ ನಂಗಲ್ಲಪ್ಪ, ಅಲ್ಲಿ ಹೋಗಿ ಹೇಳು" ಎಂದ.

"ಒಬ್ಬನೇ ಹೋಗೋಕೆ ಕಾಲು ಬರ್ತಿಲ್ಲ."

ಮೈಕಣ್ಣ ಚಪ್ಪಲಿ ಮೆಟ್ಟಿ ಜೊತೆಗೆ ಹೊರಟ. ವಿಚಾರಣೆಯವರು ಜವಾನ ಹೇಳಿದ್ದನ್ನು ಬರೆದುಕೊಂಡು, ಅವನ ಕೈಬರಹವನ್ನು ಮೈಕಣ್ಣ ಮೊದಲೇ ಒಪ್ಪಿಸಿದ್ದ ಚೀಟಿಯ ಪಕ್ಕ ಇಟ್ಟು ನೋಡಿದರು. ಒಂದೇ ಇತ್ತು. ಕಾರ್ಯದರ್ಶಿಯನ್ನು ಮತ್ತೆ ಕರೆಸಿದರು. ಈ ಸಲ ಅವರು ನಮ್ಮೆಲ್ಲರ ಪಾಲು ಎಂದಾಗ ನ್ಯಾಯಾಧೀಶರು, "ಎಲ್ಲರದ್ದು ಆಮೇಲೆ ನೋಡೋಣ. ನಿಮ್ಮದು ಯಾವುದು ಹೇಳಿ" ಎಂದರಂತೆ.

ವರದಿಯಲ್ಲಿ ಐದು ಜನರ ಮೇಲೆ ತಪ್ಪು ಹೊರಿಸಿ, ಯಾರು ಏನು ಮಾಡಿದರು, ಏನು ಮಾಡದೆ ಬಿಟ್ಟರು ಎಂದು ಬೇರೆ ಬೇರೆಯಾಗಿಯೇ ಬರೆದಿತ್ತು. ಕಾರ್ಯದರ್ಶಿ ಹುದ್ದೆ ಬಿಡಬೇಕಾಯಿತು. ಐವರ ಮೇಲೂ ಮೊಕದ್ದಮೆ ಹೂಡಿದರು. ಮೈಕಣ್ಣನದು ನಾಲ್ಕನೇ ಹೆಸರು, ಜವಾನನದು ಐದನೆಯದು.

ಮೈಕಣ್ಣ ಈಗ ಒಂದು ಬಟ್ಟೆ ಗೋದಾಮಿನಲ್ಲಿ ಥಾನುಗಳನ್ನು ಜೋಡಿಸುತ್ತಾನೆ. ಕೋರ್ಟಿನ ವಾಯಿದೆ ಬಂದ ದಿನ ರಜೆ ಹಾಕುತ್ತಾನೆ. ಜವಾನ ಹಿಂದಿನ ನಿಲ್ದಾಣದಲ್ಲೇ ಬಸ್ಸು ಹತ್ತಿ, ಕರವಸ್ತ್ರ ಹಾಸಿ ಅವನಿಗೊಂದು ಜಾಗ ಹಿಡಿದಿರುತ್ತಾನೆ. ದಾರಿಯುದ್ದಕ್ಕೂ ಮೊಣಕಾಲು ನೋವಿಗೆ ಯಾವ ಎಣ್ಣೆ ಒಳ್ಳೆಯದು ಎಂಬ ವಿಷಯದಲ್ಲಿ ಇಬ್ಬರಿಗೂ ಜಗಳ.