ದೇವರಿಲ್ಲದ ಒಪ್ಪೊತ್ತು

ನನ್ನ ತಮ್ಮ ದೇವೀರಪ್ಪನಿಗೆ ಆಲೂರಲ್ಲಿ ಆಲೂಗೆಡ್ಡೆ ಮಂಡಿ. ಅವನ ಮಗಳು ನೇತ್ರಾವತಿ ಮಂಡಿಯ ಮೂಟೆಗಳ ಮೇಲೇ ಆಡಿ ಬೆಳೆದವಳು. ಬಿಸಿ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಇದ್ದರೆ ಒಲೆ ಮುಂದಿನಿಂದ ಏಳುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ನಾನೂ ಆ ಮನೆಗೇ ಬಂದು ಉಳಿದೆ. ಹಾಗಾಗಿ ಇದೆಲ್ಲ ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು.

ತೊಂಬತ್ತೇಳನೇ ಇಸವಿ ಇರಬೇಕು, ಅವಳು ಪಿಯುಸಿಗೆ ಸೇರಿದ ವರ್ಷ. ಮಂಡಿಯಲ್ಲಿ ಗೆಡ್ಡೆ ತೂಗುವ ಕಾಟಾ ಮೇಲೆ ಹುಡುಗರು ಒಬ್ಬೊಬ್ಬರಾಗಿ ನಿಂತು ತಮಾಷೆ ಮಾಡುತ್ತಿದ್ದರು. ಇವಳೂ ನಿಂತಳು. ಅವಳ ಸೋದರಮಾವನ ಮಗ ಪ್ರದೀಪ ಮುಳ್ಳು ನೋಡಿ, "ಮಾವ, ಈ ಮೂಟೆನೂ ಲಾರಿಗೆ ಹಾಕ್ಬುಡಾಣ, ಒಳ್ಳೆ ತೂಕ ಐತೆ!" ಅಂದ. ಎಲ್ಲರೂ ನಕ್ಕರು. ಅವಳೂ ನಕ್ಕಳು.

ಮುಂದಿನ ಸೋಮವಾರ ಒಪ್ಪೊತ್ತು ಹಿಡಿದಳು. ಒಪ್ಪೊತ್ತು ಅಂದರೆ ದೇವರ ಹೆಸರಲ್ಲಿ ದಿನಕ್ಕೆ ಒಂದೇ ಹೊತ್ತಿನ ಊಟ. ಅವಳ ತಾಯಿ ವಿಶಾಲಮ್ಮನಿಗೆ ಹಿಗ್ಗೋ ಹಿಗ್ಗು. ಸೋಮವಾರದ ಜೊತೆಗೆ ಗುರುವಾರ ಬಂತು, ಶನಿವಾರ ಬಂತು, ಆಮೇಲೆ ವಾರವೆಲ್ಲ ಅದೇ ಆಯಿತು. ಪಕ್ಕದ ಮನೆ ಗಂಗಾಮಣಿ ದಿನಾ ಬಂದು, "ನಿನ್ನ ಮಗಳು ಶರಣೆ ಕಣೇ ವಿಶಾಲು. ನಮ್ಮನೇಲೂ ಅವೆ, ತಿಂದು ತಿಂದು ಬಿದ್ಕಂತವೆ" ಅನ್ನುವಳು.

ಆ ಒಂದು ಹೊತ್ತೂ ನೇತ್ರಾವತಿ ತಟ್ಟೆ ತುಂಬ ಅನ್ನ ಹರಡಿ ಬೆರಳಾಡಿಸಿ ಎದ್ದುಬಿಡುವಳು. ವಿಚಿತ್ರ ಅಂದರೆ, ಮನೆಯ ಅಡುಗೆಯೆಲ್ಲ ಅವಳದೇ; ನಮಗೆ ಬಲವಂತ ಮಾಡಿ ಬಡಿಸುವಳು. ಬೇಸಿಗೆಯಲ್ಲೂ ಸ್ವೆಟರ್ ಹಾಕಿ ನಡುಗುವಳು. ತಲೆ ಬಾಚಿದರೆ ಹಣಿಗೆ ತುಂಬ ಕೂದಲು. ತಿಂಗಳ ಮುಟ್ಟು ನಿಂತಿತ್ತು. ಅದನ್ನು ವಿಶಾಲಮ್ಮ ನನಗೊಬ್ಬಳಿಗೇ ಹೇಳಿದಳು. "ತಿನ್ನು ಅಂತ ಹೇಳೇ" ಅಂತ ನಾನಂದರೆ, "ಹರಕೆ ಮುರ್ಸಿದ ಪಾಪ ಯಾರು ಹೊರ್ತಾರಕ್ಕ?" ಅನ್ನುವಳು.

ಅಯ್ಯನವರು ಬಂದು ತಾಯಿತ ಕಟ್ಟಿದರು. ತಾಯಿತ ತೋಳಿಂದ ಜಾರಿ ಮೊಣಕೈಗೆ ಬಂತು. ಸಕಲೇಶಪುರದ ಡಾಕ್ಟರು ರಕ್ತ, ಎಕ್ಸ್‌ರೇ ಎಲ್ಲ ನೋಡಿ, ಕ್ಷಯ ಇಲ್ಲ, ಥೈರಾಯ್ಡೂ ಇಲ್ಲ, ಹಾಸನದಲ್ಲಿ ಮನಸ್ಸಿನ ಡಾಕ್ಟರಿಗೆ ತೋರಿಸಿ ಅಂದರು. ದೇವೀರಪ್ಪ ಕೆಂಡವಾದ. "ನನ್ ಮಗಳೇನು ಹುಚ್ಚೀನಾ? ನಾಳೆ ಯಾವನು ಮದ್ವೆ ಆಯ್ತಾನೆ?" ಅಂದ. ಕಾಲೇಜಿಗೆ ಹೋಗುವಾಗ ಬಸ್ಸಿನ ಮೆಟ್ಟಿಲ ಮೇಲೆ ಅವಳು ಕಣ್ಣುಕತ್ತಲೆ ಬಂದು ಬಿದ್ದ ದಿನ ಅವನೇ ಹೊರಡಿ ಅಂದ. ಹಾಸನಕ್ಕೆ ಹೊರಟೆವು.

ಆ ಡಾಕ್ಟರಮ್ಮನ ಹೆಸರು ಸುಚಿತ್ರಾ. ಎದೆ, ನಾಡಿ, ತೂಕ ನೋಡಿ ವಿಶಾಲಮ್ಮನನ್ನು ಕೇಳಿದರು. "ಸೋಮವಾರದ ಒಪ್ಪೊತ್ತು ಸರಿ ಕಣಮ್ಮ. ಮಂಗಳವಾರ ಬೆಳಿಗ್ಗೆ ಏನು ತಿಂತಾಳೆ?"

"ಅವತ್ತೂ ಒಪ್ಪೊತ್ತೇ."

"ಮಂಗಳವಾರ ಯಾವ ದೇವರಿಗೆ?"

ವಿಶಾಲಮ್ಮ ಮಗಳ ಮುಖ ನೋಡಿದಳು. ಡಾಕ್ಟರು ಹುಡುಗಿಯ ಕಡೆ ತಿರುಗಿ, "ಉದ್ಯಾಪನೆ ಯಾವಾಗಮ್ಮ?" ಅಂದರು. ವ್ರತ ಹಿಡಿದವರು ಅದನ್ನು ಮುಗಿಸಿ ಮಾಡುವ ಪೂಜೆ, ಊಟವೇ ಉದ್ಯಾಪನೆ. ನೇತ್ರಾವತಿ ಅಳೋಕೆ ಶುರು ಮಾಡಿದಳು.

"ಯಾವ ದೇವ್ರಿಗೂ ಇಲ್ಲ ಡಾಕ್ಟ್ರೇ. ಹಸಿವಾಗ್ತದೆ. ತಿಂದ್ರೆ ಊದ್ಕಂಬುಡ್ತೀನಿ ಅಂತ ಭಯ. ಬಿಡಕ್ಕಾಯ್ತಿಲ್ಲ."

ಹೊಟ್ಟೆಗಿಲ್ಲದೆ ಎಲುಬು ಕಂಡರೂ ದಪ್ಪ ಇದ್ದೇನೆ ಅನ್ನಿಸುವುದು, ತೂಕದ ಭಯ ಬಿಡದೇ ಇರುವುದು, ಇದೇ ಕಾಯಿಲೆ ಅಂದರು ಡಾಕ್ಟರು. ಹಟ ಅಲ್ಲ, ಹುಚ್ಚೂ ಅಲ್ಲ. ಇದರಲ್ಲಿ ಜೀವ ಹೋಗುವುದೂ ಉಂಟು. ಇವತ್ತೇ ಅಡ್ಮಿಟ್ ಆದರೆ ಒಳ್ಳೆಯದು ಅಂದರು. ದೇವೀರಪ್ಪ ಒಂದು ವಾರ ಟೈಮ್ ಕೇಳಿದ. ಹಾಗಾದರೆ ಗಂಜಿ, ಹಾಲು, ಬರೀ ಸ್ವಲ್ಪ ಸ್ವಲ್ಪ, ತಲೆ ಸುತ್ತಿದರೆ ತಕ್ಷಣ ಕರಕೊಂಡು ಬನ್ನಿ ಅಂತ ಎರಡೆರಡು ಸಲ ಹೇಳಿದರು.

ವಿಶಾಲಮ್ಮನ ಕಿವಿಯಲ್ಲಿ ಉಳಿದದ್ದು ಒಂದೇ ಮಾತು. "ಉದ್ಯಾಪನೆ ಮಾಡ್ದೆ ಬಿಟ್ಟಿದ್ದೇ ತಪ್ಪು ಕಣಕ್ಕ, ಡಾಕ್ಟ್ರೇ ಕೇಳ್ಬುಟ್ರು" ಅಂತ ದಾರಿಯುದ್ದಕ್ಕೂ ಹೇಳಿಕೊಂಡು ಬಂದಳು. ಬೇಡ ಕಣೇ, ಗಂಜಿ ಅಂದವ್ರೆ ಅಂದೆ. ಕೇಳಲಿಲ್ಲ. ಸೋಮವಾರ ಪೂಜೆ ಮಾಡಿಸಿ, ಮುತ್ತೈದೆಯರನ್ನು ಕರೆದು, ಹೋಳಿಗೆ ತುಪ್ಪ ಬಡಿಸಿ ಮಗಳನ್ನು ನಡುವೆ ಕೂರಿಸಿದಳು. ಪಂಕ್ತಿಯೆಲ್ಲ ಇವಳ ಬಾಯನ್ನೇ ನೋಡುತ್ತಿತ್ತು. ಗಂಗಾಮಣಿ, "ಇನ್ನೊಂದು ತಿನ್ನವ್ವ, ನಮ್ಮಾಣೆ" ಅಂದಳು. ಹುಡುಗಿ ಕಣ್ಣೀರು ಒರೆಸಿಕೊಳ್ಳುತ್ತಾ ತಿಂದಳು. ಮರುದಿನವೂ ತಾಯಿ ಹಾಗೇ ತಿನ್ನಿಸಿದಳು. ಬುಧವಾರ ಕಾಲು ಬಾತುಕೊಂಡಿತು, ಉಸಿರು ಮೇಲಕ್ಕೆ ಎಳೆಯಿತು, ಎದೆ ಹೊಡೆದುಕೊಳ್ಳುವುದು ಹೊರಗೇ ಕಾಣುತ್ತಿತ್ತು. ಗೆಡ್ಡೆ ಲಾರಿಯಲ್ಲೇ ಹಾಸನಕ್ಕೆ ಓಡಿದೆವು.

"ಬಹಳ ಕಾಲ ಹಸಿದ ದೇಹ ಕಣಮ್ಮ. ಒಮ್ಮೆಗೇ ತುಂಬಿದರೆ ರಕ್ತದಲ್ಲಿನ ಲವಣ ಎಲ್ಲ ಏರುಪೇರಾಗಿ ಹೃದಯವೇ ನಿಲ್ಲಬಹುದು" ಅಂದರು ಡಾಕ್ಟರು, ಬೈಯದೆ. ಅವಳು ಉಳಿಯುತ್ತಾಳೋ ಇಲ್ಲವೋ ಅಂತ ಅವತ್ತು ಅವರೂ ಹೇಳಲಿಲ್ಲ. ವಿಶಾಲಮ್ಮ ವಾರ್ಡಿನ ಹೊರಗೆ ನೆಲದ ಮೇಲೆ ಕೂತವಳು, ಮಗಳು ಕಣ್ಣುಬಿಟ್ಟು ಮಾತಾಡುವವರೆಗೂ ಏಳಲಿಲ್ಲ.

ಪ್ರದೀಪ ಬಂದು, "ನನ್ನ ಮಾತಿಂದಾನೇ ಆಯ್ತಾ ಡಾಕ್ಟ್ರೇ?" ಅಂತ ಕೇಳಿದ. ಒಬ್ಬರ ಒಂದು ಮಾತಿನಿಂದ ಬರುವ ಕಾಯಿಲೆ ಅಲ್ಲ ಇದು ಅಂದರು. ಹುಟ್ಟಿನಿಂದ ಬಂದ ಸ್ವಭಾವ, ಬೆಳೆಯುವ ವಯಸ್ಸು, ನಾಲ್ಕು ಜನರ ಮೂದಲಿಕೆ, ಮೇಲೆ ಉಪವಾಸ, ಎಲ್ಲ ಸೇರಿ ಆದದ್ದು. "ಆದ್ರೂ ಇನ್ಮೇಲೆ ಯಾರ್ನೂ ಹಂಗನ್ಬೇಡಿ" ಅಂತಲೂ ಅಂದರು.

ಆಸ್ಪತ್ರೆಯಲ್ಲಿ ಅಳತೆ ಹಾಕಿ ಗಂಜಿ ಕೊಟ್ಟರು. ಹೊತ್ತು ಹೊತ್ತಿಗೆ, ದಿನಾ ಚೂರು ಜಾಸ್ತಿ. ತೂಕ ನೋಡುವಾಗ ಅವಳನ್ನು ಮುಳ್ಳಿಗೆ ಬೆನ್ನು ಮಾಡಿ ನಿಲ್ಲಿಸುತ್ತಿದ್ದರು. ಮನೆಗೆ ಬಂದ ಮೇಲೆ ನಮಗೂ ಪಾಠ: ಅವಳ ಜೊತೆ ಕೂತು ಉಣ್ಣಬೇಕು, ಊಟದ ಹೊತ್ತಲ್ಲಿ ಊಟದ ಮಾತು ಆಡಬಾರದು. ನಮ್ಮ ಕಡೆ ಹೊಗಳುವುದೇ "ಮೈಕೈ ತುಂಬ್ಕಂಡಿದೀಯ" ಅಂತ. ಆ ಮಾತಂತೂ ಬೇಡವೇ ಬೇಡ ಅಂದಿದ್ದರು. ಒಂದು ಸಲ ಯಾರೋ ಅಂದುಬಿಟ್ಟರು. ಮೂರು ದಿನ ಅವಳಿಗೆ ಅನ್ನ ಇಳಿಯಲಿಲ್ಲ. ಅವಳು ಹಾಸನಕ್ಕೆ ಹೋಗಿ ಡಾಕ್ಟರ ಹತ್ತಿರ ಕೂತು ಮಾತಾಡಿ ಬರುವುದು ಎರಡು ವರ್ಷ ನಡೆಯಿತು. ನಡುವೆ ಒಮ್ಮೆ ಮತ್ತೆ ಜಾರಿದಳು, ಮತ್ತೆ ಎದ್ದಳು. ಮುಟ್ಟು ಬಂದ ದಿನ ವಿಶಾಲಮ್ಮ ಯಾರಿಗೂ ಹೇಳದೆ ಹಿತ್ತಿಲಲ್ಲಿ ಹೋಗಿ ಅತ್ತಳು.

ನೇತ್ರಾವತಿ ಈಗ ಆನೇಮಹಲ್ ಕಡೆ ಒಂದು ಶಾಲೆಯಲ್ಲಿ ಮೇಡಂ. ಅವಳ ಗಂಡ ರಾಜಶೇಖರ್ ಮೊದಲು ಹೆಣ್ಣು ನೋಡೋಕೆ ಬಂದಾಗ ಅವಳೇ ಎಲ್ಲ ಹೇಳಿದಳು: "ನಂಗೆ ಊಟದ ಕಾಯಿಲೆ ಇತ್ತು. ಉಪವಾಸ ಅಂತ ಯಾವತ್ತೂ ಮಾಡಂಗಿಲ್ಲ, ಡಾಕ್ಟ್ರು ಹೇಳವ್ರೆ." ಅವನು, "ಸದ್ಯ, ನಂಗೂ ಹಸಿವು ತಡೆಯಕ್ಕಾಗಲ್ಲ" ಅಂದ.

ಹೋದ ಶಿವರಾತ್ರಿಗೆ ತವರಿಗೆ ಬಂದಿದ್ದಳು. ಮನೆಯಲ್ಲಿ ಎಲ್ಲರದೂ ಉಪವಾಸ. ಬೆಳಿಗ್ಗೆ ವಿಶಾಲಮ್ಮ ತಲೆಗೆ ನೀರು ಹಾಕಿಕೊಂಡು ಬಂದು ಒಲೆ ಹಚ್ಚಿ, ಉಪ್ಪಿಟ್ಟಿಗೆ ರವೆ ಹುರಿದಳು.

"ಶಿವರಾತ್ರಿ ದಿನ ಒಗ್ಗರಣೆನೇನೆ?" ಅಂದ ದೇವೀರಪ್ಪ, ವಾಸನೆಗೆ ಎದ್ದು ಬಂದು.

"ಶಿವನ ಹತ್ರ ನಾನು ಮಾತಾಡ್ಕತೀನಿ. ನೀವು ಮಂಡಿಗೆ ನಡೀರಿ."

ತಟ್ಟೆ ಇಟ್ಟು, ತಾನು ಬರೀ ನೀರಿನ ಲೋಟ ಹಿಡಿದು ಮಗಳ ಪಕ್ಕ ಕೂತಳು. "ನಿಮ್ ಶಾಲೆ ಹೆಂಚು ಹೊದಿಸಿದ್ರಾ?" ಅಂತ ಕೇಳಿದಳು. ಅವರು ಹೆಂಚಿನ ಮಾತು ಆಡುತ್ತಾ ಕೂತರು. ಮಾತು ಮುಗಿಯುವಷ್ಟರಲ್ಲಿ ತಟ್ಟೆಯೂ ಮುಗಿದಿತ್ತು.