ಬಲಕ್ಕೆ ಸರಿದ ತಾಟಿನ ಸದ್ದು

ತಾಟಿನ ಸದ್ದು ಬಲಕ್ಕೆ ಸರಿಯಿತು. ನಾನೂ ಬಲಕ್ಕೆ ತಿರುಗಿದೆ.

ಹುಟ್ಟಿನಿಂದ ನನಗೆ ಕಣ್ಣು ಕಾಣುವುದಿಲ್ಲ. ಮಳಗಿ ಡ್ಯಾಮಿನಲ್ಲಿ ನಾನು ದೂರ ಈಜುವಾಗ ಅಣ್ಣ ಮೀನುಗಾರರ ದೋಣಿಯಲ್ಲಿ ನನಗಿಂತ ಮುಂದೆ ಸಾಗುತ್ತ, ಸ್ಟೀಲಿನ ತಾಟನ್ನು ಸೌಟಿನಿಂದ ಬಡಿಯುತ್ತಿದ್ದ. ಆ ಸದ್ದಿನ ಬೆನ್ನು ಹತ್ತುವುದಷ್ಟೇ ನನ್ನ ಕೆಲಸ. ಯಾರೂ ಹೇಳಿಕೊಟ್ಟದ್ದಲ್ಲ, ಚಿಕ್ಕಂದಿನಲ್ಲಿ ಅವ್ವ ನನ್ನನ್ನು ಊಟಕ್ಕೆ ಕರೆಯುತ್ತಿದ್ದದ್ದೇ ಹಾಗೆ. ಮಳೆಗಾಲ ಮುಗಿದ ಮೇಲೆ ಕಾರವಾರದ ಸಮುದ್ರದಲ್ಲಿ ಈಜಬೇಕೆಂದು ಹಟ ಹಿಡಿದಿದ್ದೆ.

ಅಂದು ಹಾಗೆ ಬಲಕ್ಕೆ ತಿರುಗಿದ್ದೇ ಭುಜ ಹೋಗಿ ನೀರೊಳಗಿನ ಮರದ ಬೊಡ್ಡೆಗೆ ಬಡಿಯಿತು.

"ದೋಣಿ ಬಲಕ್ಕ ಯಾಕ ಹೊಳ್ಳಿಸಿದ್ಯೋ ಅಣ್ಣಾ?" ಎಂದು ಒದರಿದೆ.

"ಹೊಳ್ಳಿಸಿಲ್ಲ ತಂಗಿ. ನಿನ್ನ ಮುಂದನ ಅದೀವಿ."

ನಂಬಲಿಲ್ಲ. ಎಡಗಿವಿ ಕೆಲವು ದಿನಗಳಿಂದ ಸೋರುತ್ತಿತ್ತು. ಹೇಳಿದರೆ ನೀರಿಗೆ ಬಿಡುವುದಿಲ್ಲವೆಂದು ಬಾಯಿ ಮುಚ್ಚಿಕೊಂಡಿದ್ದೆ. ಸಂಜೆ ನೋವು ತಡೆಯದೆ ಅವ್ವನಿಗೆ ಹೇಳಿದೆ. ಅವಳು ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಬಿಟ್ಟಳು. ಮರುದಿನ ಮಲಗಿದರೂ ಹಾಸಿಗೆ ಗರಗರ ತಿರುಗುತ್ತಿತ್ತು. ಹುಬ್ಬಳ್ಳಿಗೆ ಹೋದೆವು.

"ಕಿವ್ಯಾಗ ಎಣ್ಣಿ ಯಾರ್ ಹಾಕಿದ್ರಿ?" ಇಎನ್‌ಟಿ ಡಾಕ್ಟರ್ ಸಿಡುಕಿದರು.

ಅವ್ವನ ಬಳೆ ಸದ್ದು ನಿಂತಿತು.

"ನಾನ ಹಾಕ್ಕೊಂಡೇನ್ರಿ," ಎಂದೆ.

ಕಿವಿ ಎಷ್ಟು ಕೇಳುತ್ತದೆಂದು ನೋಡುವ ಆಡಿಯೋಮೆಟ್ರಿ ಆಯಿತು. ಎಡಗಿವಿಯ ಪರದೆ ತೂತಾಗಿ ಇನ್ಫೆಕ್ಷನ್ ಒಳಗಿವಿಗೆ ಇಳಿದಿತ್ತು.

"ಆಪರೇಷನ್ ಮಾಡಿ ಪರದೆ ಮುಚ್ಚೂಣು. ಆದ್ರ ಎಡಗಿವಿ ಇನ್ನ ಕೇಳಂಗಿಲ್ಲವ್ವಾ. ಒಂದ ಕಿವಿ ಇದ್ರ ಸಪ್ಪಳ ಎಲ್ಲಿಂದ ಬರ್ತೈತಿ ಅಂತ ತಿಳಿಯಂಗಿಲ್ಲ. ಎಲ್ಲಾ ಬಲಕ್ಕನ ಕೇಳಿಸ್ತೈತಿ."

ಅಣ್ಣ ದೋಣಿ ಹೊಳ್ಳಿಸಿರಲಿಲ್ಲ.

ಕಣ್ಣಿಲ್ಲವೆಂದು ನಾನು ಎಂದೂ ಅತ್ತವಳಲ್ಲ. ಅಂದು ಅತ್ತೆ.

ಆಪರೇಷನ್ನಿಗಿಂತ ಆಮೇಲಿನ ದಿನಗಳೇ ಹೆಚ್ಚು ದಣಿಸಿದವು. ಮಾತಾಡಿಸಿದವರಿಗೆ ಬೆನ್ನು ಕೊಟ್ಟು ಉತ್ತರಿಸುತ್ತಿದ್ದೆ. ಮುಂಡಗೋಡ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಯಾವ ಕಡೆಯಿಂದ ಬಂತೆಂದು ತಿಳಿಯದೆ ನಿಂತಲ್ಲೇ ನಿಂತುಬಿಟ್ಟೆ. ಹುಟ್ಟಾ ಕುರುಡಿಗೆ ಎರಡನೆಯ ಸಲ ಕುರುಡಾಗುವುದೂ ಇದೆಯೆಂದು ಯಾರು ಅಂದುಕೊಂಡಿದ್ದರು? ಸಮುದ್ರದ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ತಿಂಗಳುಗಳಾದ ಮೇಲೆ ಡಾಕ್ಟರ್, ಇಯರ್ ಪ್ಲಗ್ ಹಾಕಿಕೊಂಡು, ಜೊತೆಗೊಬ್ಬರಿದ್ದರೆ ನೀರಿಗೆ ಇಳಿಯಬಹುದು ಎಂದರು. ತಾಟು ಇನ್ನು ಕೆಲಸಕ್ಕೆ ಬಾರದು. ಅಣ್ಣ ಡ್ಯಾಮಿನ ದಂಡೆಯಲ್ಲಿ ಅವ್ವನ ಹಳೆಯ ಸೀರೆ ಹರಿದು, ಒಂದು ತುದಿ ನನ್ನ ಸೊಂಟಕ್ಕೆ, ಇನ್ನೊಂದು ತನ್ನ ಸೊಂಟಕ್ಕೆ ಕಟ್ಟಿಕೊಂಡ. ಅವನಿಗೆ ಈಜು ಬರುತ್ತದೆ, ದಮ್ಮಿಲ್ಲ. ಗುಟಕಾ ತಿನ್ನುವ ಮನುಷ್ಯ. ನನಗೆ ಮೈ ಬಿಸಿಯಾಗುವಷ್ಟರಲ್ಲಿ ಸೀರೆ ಹಿಂದಕ್ಕೆ ಜಗ್ಗಿತು.

"ಇವತ್ತಿಗೆ ಸಾಕೇನ?" ಏದುಸಿರಿನಲ್ಲೇ ಕೇಳಿದ.

ನನಗೆ ಸಾಕಾಗಿರಲಿಲ್ಲ. "ಸಾಕೋ," ಎಂದೆ. ಹೀಗೆ ಕಟ್ಟಿಕೊಂಡು ಸಮುದ್ರದಲ್ಲಿ ಈಜಲಾಗುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಾಯಿತು. ಆದರೂ ನೀರು ಮೈಗೆ ಹತ್ತಿತ್ತು. ಅಷ್ಟಕ್ಕೇ ಸಂತೋಷವಾಗಿತ್ತು.

ಮನೆಗೆ ಬಂದಾಗ ಅವ್ವ ಅದೇ ತಾಟಿನಲ್ಲಿ ರೊಟ್ಟಿ ಕೊಟ್ಟಳು. ಬಡಿದು ಬಡಿದು ತಗ್ಗುಬಿದ್ದ ಅಂಚು ಬೆರಳಿಗೆ ಹತ್ತಿತು. ಉಗುರಿನಿಂದ ಒಮ್ಮೆ ಬಡಿದೆ. ಸದ್ದು ಬಲಗಡೆಯಿಂದ ಬಂತು. ತಾಟು ನನ್ನೆದುರಿಗೇ ಇತ್ತು.

"ನಾಡಿದ್ದ ಮತ್ತ ಹೋಗೂಣೇನ ತಂಗಿ?"

ಅಣ್ಣ ಎಲ್ಲಿ ಕೂತಿದ್ದಾನೋ ತಿಳಿಯಲಿಲ್ಲ. ಸುಮ್ಮನೆ ಕೈ ಚಾಚಿದೆ. ಅವನೇ ಬಂದು ಹಿಡಿದುಕೊಂಡ.